ಮೂರು ದಿನದಲ್ಲಿ ಚಿಗುರುವ ಕಿವಿ

ಮೀನಿನ ಕೋಣೆ,
ಹನ್ನೊಂದನೇ ತಾರೀಕು, ಬುಧವಾರ, ಊಟದ ಬಿಡುವು

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಹೆಬ್ಬೆರಳಿನ ಗಾಯ ಮಾಗಿತೇ? ತಗಡು ಕೊಯ್ದ ಗಾಯವನ್ನು ನೀನು ಸೊಳ್ಳೆ ಕಡಿತದ ಜೊತೆ ಸೇರಿಸುವವನು ಎಂದು ಗೊತ್ತಿದ್ದೂ ಕೇಳುತ್ತಿದ್ದೇನೆ. ಪಟ್ಟಿ ಬದಲಾಯಿಸಿದೆಯೋ, ಇಲ್ಲ ಅದೇ ಕೊಳಕು ಬಟ್ಟೆ ಸುತ್ತಿಕೊಂಡು ಅಂಗಡಿಯಲ್ಲಿ ಟ್ರಂಕು ಬಡಿಯುತ್ತಾ ಕೂತಿದ್ದೀಯೋ ಎನ್ನುವುದನ್ನು ಅತ್ತಿಗೆಯ ಕೈಯಲ್ಲಿ ಬರೆಸು, ನಿನ್ನ ಮಾತನ್ನು ನಾನು ನಂಬುವುದಿಲ್ಲ. ಅತ್ತಿಗೆಯ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡಿ ಎಂದು ಡಾಕ್ಟರು ಹೇಳಿದ ಮೇಲೂ ಅಟ್ಟದ ಮೇಲಿನ ಹಳೇ ತಗಡು ಇಳಿಸಲು ಅವರನ್ನೇ ಹತ್ತಿಸುತ್ತಿದ್ದರೆ ನಾನು ಬಂದು ನಿನ್ನ ಕಿವಿ ಹಿಂಡುತ್ತೇನೆ. ಕೇಳಿಸದಿದ್ದರೂ ನೋವಂತೂ ಆಗುತ್ತದೆ. ನಾನು ಚೆನ್ನಾಗಿದ್ದೇನೆ. ಮೀನುಗಳೂ ಚೆನ್ನಾಗಿವೆ. ಬೆಳಿಗ್ಗೆ ಆರೂವರೆಗೆ ಬಂದು ದೀಪ ಹಾಕುವುದು, ತೊಟ್ಟಿ ತಿಕ್ಕುವುದು, ಮೊಟ್ಟೆ ಸೋಸುವುದು, ಇದೇ ಕೆಲಸ. ಕೋಣೆ ಯಾವಾಗಲೂ ಬೆಚ್ಚಗಿರುವುದರಿಂದ ಚಳಿಗಾಲ ಬಂದದ್ದೂ ಹೋದದ್ದೂ ಗೊತ್ತಾಗುವುದಿಲ್ಲ. ಕೈಗೆ ಮೀನಿನ ವಾಸನೆ ಹತ್ತಿಬಿಟ್ಟಿದೆ, ಬಸ್ಸಿನಲ್ಲಿ ಪಕ್ಕದ ಸೀಟು ಸುಲಭವಾಗಿ ಖಾಲಿಯಾಗುತ್ತದೆ.

ಇನ್ನು ವಿಷಯಕ್ಕೆ ಬರುತ್ತೇನೆ. ಹೋದ ವಾರ ಅತ್ತಿಗೆಯ ಕಾಗದ ಬಂತು. ಅವರ ಮೇಲೆ ಹಾರಾಡಬೇಡ, ಪಾಪ, ಬರೆದದ್ದು ಒಂದೇ ಹಾಳೆ. ಕಿವಿ ಆಸ್ಪತ್ರೆಯವರು ಕೇಳಿಸುವ ಯಂತ್ರ ಹಾಕಲು ನಿನ್ನನ್ನು ಕರೆದಿದ್ದರಂತೆ. ನೀನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿ, ನನ್ನ ಸರದಿ ಬೇರೆ ಯಾರಿಗಾದರೂ ಕೊಡಿ, ನನಗೆ ಬೇಡ ಎಂದು ಹೇಳಿ ಬಂದೆಯಂತೆ. ಯಾಕೆಂದು ಕೇಳಿದ್ದಕ್ಕೆ ನನ್ನ ಹಿಂದಿನ ಕಾಗದವನ್ನು ಜೇಬಿನಿಂದ ತೆಗೆದು, ಕಿವಿ ಪರೀಕ್ಷೆ ಮಾಡುವ ಅಮ್ಮನ ಮೇಜಿನ ಮೇಲೆ ಇಟ್ಟೆಯಂತೆ. ಅವರು ಓದಿ ಮಡಚಿ ಕೊಟ್ಟರಂತೆ. ಅದೂ ಸಾಲದೆಂದು ಅಂಗಡಿ ಬಾಗಿಲ ಪಕ್ಕದ ತಗಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದು ನಿಲ್ಲಿಸಿದ್ದೀಯಂತೆ: ‘ಕಿವಿ ರಿಪೇರಿಯಲ್ಲಿದೆ. ತಂಗಿ ನೋಡಿಕೊಳ್ಳುತ್ತಿದ್ದಾಳೆ. ಅಲ್ಲಿಯವರೆಗೆ ಜೋರಾಗಿ ಮಾತಾಡಿ.’ ಓದಿದಾಗ ಮೊದಲು ನಕ್ಕೆ. ತೊಟ್ಟಿಗಳ ನಡುವೆ ನಿಂತು ಒಬ್ಬಳೇ ಗಟ್ಟಿಯಾಗಿ ನಕ್ಕೆ. ಆಮೇಲೆ ಅಲ್ಲೇ ಬಕೆಟ್ಟು ಬೋರಲು ಹಾಕಿಕೊಂಡು ಕೂತು ಅತ್ತೆ.

ತಪ್ಪು ನನ್ನದು ಅಣ್ಣಾ. ಎರಡು ತಿಂಗಳ ಹಿಂದೆ ಆ ಕಾಗದ ಬರೆದವಳು ನಾನೇ. ‘ಮೂರೇ ದಿನದಲ್ಲಿ ಚಿಗುರುತ್ತದೆ ಅಣ್ಣಾ, ನನ್ನ ಕಣ್ಣಾರೆ ನೋಡಿದೆ, ಇನ್ನೇನು ನಿನ್ನ ಕಿವಿಯ ಕಾಲವೂ ಬಂತು ಅಂತ ತಿಳಿದುಕೋ’ ಎಂದು ಬರೆದವಳೂ ನಾನೇ. ನೋಡಿದ್ದು ಸುಳ್ಳಲ್ಲ. ಆದರೆ ಅದೇ ದಿನ ನಮ್ಮ ಮೇಡಂ, ಅಂದರೆ ಈ ಮೀನುಗಳ ಮೇಲೆ ಸಂಶೋಧನೆ ಮಾಡುವ ಡಾಕ್ಟರಮ್ಮ, ಇನ್ನೂ ಒಂದು ಮಾತು ಹೇಳಿದ್ದರು. ಅದನ್ನು ನಾನು ಬರೆಯಲಿಲ್ಲ. ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು. ಈಗ ಪೂರ್ತಿ ಬರೆಯುತ್ತೇನೆ, ಕೊನೆಯ ತನಕ ಓದು. ಅರ್ಧ ಓದಿ ಜೇಬಿಗೆ ಇಳಿಸುವ ನಿನ್ನ ಚಾಳಿ ನನಗೆ ಗೊತ್ತು.

ನಮ್ಮ ಮೀನುಗಳು ಬೆರಳಿನ ಒಂದೆರಡು ಗೆಣ್ಣಿನಷ್ಟು ಉದ್ದ, ಮೈಮೇಲೆ ನೀಲಿ ಪಟ್ಟೆ. ಮೊಟ್ಟೆಯಿಂದ ಮೂರನೇ ದಿನಕ್ಕೆ ಮರಿ ಹೊರಗೆ ಬರುತ್ತದೆ. ಮುರಿದ ರೆಪ್ಪೆಗೂದಲಿನಷ್ಟು ಇರುತ್ತದೆ, ಮೈಯೊಳಗಿನದೆಲ್ಲ ಹೊರಗಿನಿಂದಲೇ ಕಾಣುತ್ತದೆ. ಅದರ ಕಿವಿಯೊಳಗೂ, ಮೈಯ ಎರಡೂ ಪಕ್ಕದಲ್ಲೂ ಕೂದಲ ಕೋಶಗಳು ಅಂತ ಇವೆ. ತಲೆಗೂದಲು ಅಂದುಕೊಳ್ಳಬೇಡ, ಸೂಕ್ಷ್ಮದರ್ಶಕವಿಲ್ಲದೆ ಕಾಣದಷ್ಟು ಸಣ್ಣ ಜೀವಕೋಶಗಳು, ಒಂದೊಂದರ ತಲೆಯ ಮೇಲೂ ಎಳೆಗಳ ಒಂದು ಕುಚ್ಚು. ನೀರು ಅಲುಗಿದರೆ ಕುಚ್ಚು ಬಾಗುತ್ತದೆ, ಬಾಗಿದ ಸುದ್ದಿ ನರದ ಮೂಲಕ ಮಿದುಳಿಗೆ ಹೋಗುತ್ತದೆ. ನಮ್ಮ ಕಿವಿಯ ಒಳಭಾಗದಲ್ಲೂ, ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡ ಕಡೆ, ಇಂಥವೇ ಸಾಲಾಗಿ ನಿಂತಿವೆಯಂತೆ. ಇವು ಹುಟ್ಟುವ ರೀತಿಯನ್ನು ಮೇಡಂ ಹೇಳಿದಾಗ ನನಗೆ ನಮ್ಮ ಅಂಗಡಿಯೇ ನೆನಪಾಯಿತು. ಮೊದಲು ಎಲ್ಲವೂ ಒಂದೇ ಥರದ ಕೋಶಗಳು. ಅದರಲ್ಲಿ ಯಾವುದೋ ಒಂದು ಮುಂದೆ ಬಿದ್ದು ಕೂದಲ ಕೋಶ ಆಗಲು ಹೊರಡುತ್ತದೆ. ಹೊರಟ ಕೂಡಲೇ ಪಕ್ಕದವುಗಳಿಗೆ ‘ನೀವು ಆಗ್ಬೇಡಿ, ನಂಗೆ ಆಸರೆಯಾಗಿ ನಿಂತ್ಕೊಳ್ಳಿ’ ಎಂದು ಸುದ್ದಿ ಕಳಿಸುತ್ತದೆ. ಅವು ಹಾಗೇ ಸುತ್ತ ನಿಲ್ಲುತ್ತವೆ. ನೀನು ಸುತ್ತಿಗೆ ಎತ್ತಿಕೊಂಡ ಮೇಲೆ ನಾನು ತಗಡಿನ ತುದಿ ಹಿಡಿದು ನಿಂತ ಹಾಗೆ. ನನಗೂ ಸುತ್ತಿಗೆ ಬೇಕು ಎಂದು ನಾನು ರಂಪ ಮಾಡಿದೆ, ಈ ಕೋಶಗಳು ಮಾಡುವುದಿಲ್ಲವಂತೆ, ಅಷ್ಟೇ ವ್ಯತ್ಯಾಸ.

ಈಗ ಆ ಮೂರು ದಿನದ ಕಥೆ. ಮೇಡಂ ಒಂದು ಔಷಧಿ ಹಾಕಿ ಮರಿಗಳ ಮೈಪಕ್ಕದ ಕೂದಲ ಕೋಶಗಳನ್ನು ಸಾಯಿಸಿದರು. ಮರಿಗಳ ಜೀವಕ್ಕೇನೂ ಅಪಾಯವಿಲ್ಲ. ಆದರೆ ಸಣ್ಣ ಕೊಳವೆಯಲ್ಲಿ ನೀರು ಹರಿಸಿದರೆ, ಚೆನ್ನಾಗಿರುವ ಮರಿ ಹರಿವಿಗೆ ಮುಖ ಕೊಟ್ಟು ನಿಲ್ಲುತ್ತದೆ, ಇವು ದಿಕ್ಕು ತಿಳಿಯದೆ ಕೊಚ್ಚಿಕೊಂಡು ಹೋದವು. ಮೊದಲ ದಿನ ಹಾಗೆ. ಎರಡನೇ ದಿನ ಒಂದೆರಡು ತಿರುಗಿದವು. ಮೂರನೇ ದಿನ ನಾನು ನೀರು ಬಿಟ್ಟೆ, ಇಡೀ ಸಾಲು ಒಟ್ಟಿಗೆ ತಿರುಗಿ ಹರಿವಿಗೆ ಎದುರಾಗಿ ನಿಂತಿತು. ನನಗೆ ಮೈ ಜುಮ್ ಎಂದಿತು. ಸತ್ತ ಕೋಶಗಳ ಜಾಗಕ್ಕೆ ಎಲ್ಲಿಂದ ಬಂದವು ಎಂದು ಕೇಳಿದೆ. ಸುತ್ತ ನಿಂತಿದ್ದ ಆಸರೆ ಕೋಶಗಳೇ, ಎಂದರು. ಸುತ್ತಿಗೆ ಹಿಡಿದವನು ಬಿದ್ದರೆ, ತಗಡು ಹಿಡಿದು ನಿಂತವಳು ಸುತ್ತಿಗೆ ಎತ್ತಿಕೊಳ್ಳುತ್ತಾಳೆ. ಕೋಳಿಗಳಲ್ಲೂ ಹೀಗೇ ಆಗುತ್ತದಂತೆ, ಆದರೆ ಅವಕ್ಕೆ ವಾರಗಟ್ಟಲೆ ಬೇಕು. ನಾನು ನಿನಗೆ ಬರೆದದ್ದು ಇಲ್ಲಿಯ ತನಕ.

ಬರೆಯದೆ ಬಿಟ್ಟದ್ದು ಇದು. ಮನುಷ್ಯರಲ್ಲಿ ಆ ಆಸರೆ ಕೋಶಗಳು ಸುತ್ತಿಗೆ ಎತ್ತಿಕೊಳ್ಳುವುದಿಲ್ಲ. ಬಿದ್ದವರ ಜಾಗವನ್ನು ಮುಚ್ಚಿ ಸುಮ್ಮನೆ ನಿಂತುಬಿಡುತ್ತವೆ. ನಾವು ತಾಯಿಯ ಹೊಟ್ಟೆಯಲ್ಲಿರುವಾಗಲೇ ಒಂದೊಂದು ಕಿವಿಗೆ ಹದಿನೈದು ಸಾವಿರದಷ್ಟು ಕೂದಲ ಕೋಶಗಳು ತಯಾರಾಗಿ ಮುಗಿಯುತ್ತವಂತೆ. ಆಮೇಲೆ ಜೀವಮಾನಕ್ಕೆಲ್ಲ ಅಷ್ಟೇ. ಆಗ ತಾನೇ ಹುಟ್ಟಿದ ಇಲಿಮರಿಯಲ್ಲಿ ಕೆಲವು ದಿನ ಒಂದಿಷ್ಟು ಚಿಗುರುವ ಶಕ್ತಿ ಇರುತ್ತದೆ, ಬೆಳೆಯುತ್ತಾ ಅದೂ ಹೋಗುತ್ತದೆ. ಯಾಕೆ ಹೋಗುತ್ತದೆ, ಅದನ್ನು ಮತ್ತೆ ಎಬ್ಬಿಸಬಹುದೇ ಎನ್ನುವುದೇ ಮೇಡಂ ಅವರ ಕೆಲಸ. ಎಷ್ಟೋ ದೇಶಗಳಲ್ಲಿ ಎಷ್ಟೋ ಜನ ಇದರ ಹಿಂದೆ ಬಿದ್ದಿದ್ದಾರೆ. ಒಂದು ದಿನ ಆದೀತು ಎಂದು ಅವರಿಗೆ ನಂಬಿಕೆ ಇದೆ. ಆದರೆ ನಾನು ‘ನಮ್ಮಣ್ಣಂಗೆ ಎಷ್ಟು ವರ್ಷ ಹಿಡಿಯುತ್ತೆ ಮೇಡಂ?’ ಎಂದು ಕೇಳಿದಾಗ ಅವರು ಕನ್ನಡಕ ತೆಗೆದು ಒರೆಸುತ್ತಾ, ‘ನಿಮ್ಮಣ್ಣಂಗೆ ಮಾತು ಕೊಡ್ಬೇಡಿ. ಅವ್ರನ್ನ ಕಾಯಿಸ್ಬೇಡಿ’ ಎಂದರು. ಇದೇ ನಾನು ಬಿಟ್ಟ ಸಾಲು. ನಿನ್ನ ಕಿವಿಯಲ್ಲಿ ಹೋದವು ಹೋದವು ಅಣ್ಣಾ. ನಲವತ್ತು ವರ್ಷ ಟ್ರಂಕು ಬಡಿದ ಕಿವಿ. ನನಗೆ ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆದೆ.

ನಮ್ಮ ಮನೆಯಲ್ಲಿ ಯಾರಿಗೆ ಕಿವಿ ಹೋಗಿದೆ ಎಂದು ಯಾರಿಗೂ ತಿಳಿಯದೆ ಹೋದದ್ದು ಎಂಥ ವಿಚಿತ್ರ ನೋಡು. ಬೇರೆಯವರ ಮನೆಯಲ್ಲಾಗಿದ್ದರೆ ಒಂದು ವಾರದಲ್ಲಿ ಗೊತ್ತಾಗುತ್ತಿತ್ತು. ನಮ್ಮಲ್ಲಿ ಮುಂದಿನ ಕೋಣೆಯೇ ಅಂಗಡಿ, ಬೆಳಗಿನಿಂದ ಸಂಜೆಯವರೆಗೆ ಢಣಢಣ, ಮಾತು ಯಾರಿಗೆ ಬೇಕಿತ್ತು? ಹೊಟ್ಟೆ ಮುಟ್ಟಿಕೊಂಡರೆ ಊಟ, ಕಿವಿ ಎಳೆದುಕೊಂಡರೆ ಒಳಗೆ ಬಾ, ಮುಷ್ಟಿ ಬಿಗಿದರೆ ಅಪ್ಪನಿಗೆ ಸಿಟ್ಟು. ಉಳಿದದ್ದೆಲ್ಲ ತಗಡಿನ ಮೇಲೆ ಸೀಮೆಸುಣ್ಣದಲ್ಲಿ. ಗಿರಾಕಿಯ ಅಳತೆಯೂ ಅದರ ಮೇಲೇ, ನನ್ನ ಶಾಲೆಯ ಫಲಿತಾಂಶವೂ ಅದರ ಮೇಲೇ. ಅಪ್ಪ ಕಡೆಗಾಲದಲ್ಲಿ ಯಾರ ಜೊತೆಗೂ ಮಾತಾಡುವುದಿಲ್ಲ, ಗರ್ವ ಬಂದಿದೆ ಎಂದು ಸೋದರತ್ತೆ ಊರೆಲ್ಲ ಹೇಳಿಕೊಂಡು ಬಂದರಲ್ಲ, ಅದು ಗರ್ವವಲ್ಲ ಅಣ್ಣಾ, ಅವರಿಗೆ ಏನೂ ಕೇಳಿಸುತ್ತಿರಲಿಲ್ಲ. ಅವರಿಗೆ ಒಂದು ಯಂತ್ರ ಹಾಕಿಸಬೇಕೆಂದು ನಮಗೆ ಹೊಳೆಯಲೂ ಇಲ್ಲ. ಮತ್ತೆ ಆ ಆಟ ನೆನಪಿದೆಯಾ? ಬಡಿಯುವ ಹೊತ್ತಿನಲ್ಲಿ ಮೆಲ್ಲಗೆ ಏನಾದರೂ ಹೇಳುವುದು, ಮೊದಲು ‘ಏನು?’ ಅಂದವರು ಸೋತಂತೆ, ಸೋತವರು ನೀರಿನ ಕೊಡ ತುಂಬಿಸಿ ತರಬೇಕು. ನಾವಿಬ್ಬರೂ ತಿಳಿದವರ ಹಾಗೆ ತಲೆಯಾಡಿಸಿ ಆಡಿಸಿ, ಕೇಳಿಸದಿದ್ದರೂ ಕೇಳಿಸಿದಂತೆ ನಟಿಸುವುದನ್ನು ಕಲಿತದ್ದು ಅಲ್ಲೇ. ಅದರಲ್ಲಿ ನಿನ್ನನ್ನು ಮೀರಿಸಿದವರಿಲ್ಲ.

ಆ ವಿದ್ಯೆಯನ್ನು ನೀನು ಆಸ್ಪತ್ರೆಯಲ್ಲೂ ತೋರಿಸಿದೆಯಂತೆ! ಗಾಜಿನ ಕೋಣೆಯಲ್ಲಿ ಕೂರಿಸಿ, ಶಬ್ದ ಕೇಳಿಸಿದಾಗಲೆಲ್ಲ ಗುಂಡಿ ಒತ್ತಿ ಎಂದರೆ, ನೀನು ಶಬ್ದಕ್ಕೆ ಒತ್ತಲಿಲ್ಲ, ಗಾಜಿನಾಚೆ ಆ ಅಮ್ಮನ ಕೈ ಅಲುಗಿದಾಗಲೆಲ್ಲ ಒತ್ತಿದೆ. ಒಂದೂ ತಪ್ಪಲಿಲ್ಲವಂತೆ. ಅವರು ಅನುಮಾನ ಬಂದು, ಏನೂ ಶಬ್ದ ಹಾಕದೆ ಸುಮ್ಮನೆ ಪೆನ್ನು ಎತ್ತಿದರೆ ಅದಕ್ಕೂ ಒತ್ತಿದೆಯಂತೆ. ತಗಡಂಗಡಿಯಲ್ಲಿ ಬೆಳೆದವರು ಬಿಟ್ಟರೆ ಇಂಥ ಕಳ್ಳಾಟ ಯಾರಿಗೂ ಬರುವುದಿಲ್ಲ. ಅತ್ತಿಗೆ ಇದನ್ನು ನಗುತ್ತಾ ಬರೆದಿಲ್ಲ. ನೀನು ಅಂಗಡಿಯಲ್ಲಿ ನಿಭಾಯಿಸಿಕೊಳ್ಳುತ್ತೀಯ, ಜನ ಜೋರಾಗಿ ಮಾತಾಡುತ್ತಾರೆ, ತಗಡಿದೆ, ಸೀಮೆಸುಣ್ಣವಿದೆ. ದೀಪ ಆರಿಸಿದ ಮೇಲೆ ಅತ್ತಿಗೆ ಏನು ಮಾಡಬೇಕು? ಕತ್ತಲೆಯಲ್ಲಿ ಕೈಸನ್ನೆ ಕಾಣುವುದಿಲ್ಲ. ‘ಹದಿನೈದು ವರ್ಷ ಮಲಗೋ ಮುಂಚೆ ಅರ್ಧ ಗಂಟೆ ಮಾತಾಡ್ತಿದ್ವಿ, ಈಗ ಗೋಡೆ ಕಡೆ ತಿರುಗಿ ಮಲಗ್ತೀನಿ’ ಎಂದು ಅವರು ಬರೆದಿದ್ದಾರೆ. ಇದನ್ನು ನಿನಗೆ ಹೇಳಬೇಡ ಎಂದೂ ಬರೆದಿದ್ದಾರೆ. ಹೇಳಿದೆ. ಬೈದರೆ ನನ್ನನ್ನು ಬೈಯಲಿ.

ಕಾಯುವುದರಲ್ಲಿ ಇನ್ನೊಂದು ನಷ್ಟವಿದೆ ಎಂದು ಮೇಡಂ ಹೇಳುತ್ತಾರೆ. ಮೊದಲು ಹೋಗುವುದು ಸಣ್ಣ ದನಿಗಳು. ಹಕ್ಕಿ, ಗಡಿಯಾರದ ಅಲಾರಂ, ಮಾತಿನಲ್ಲಿ ಸ, ಶ, ತ ಇಂಥವು. ಬಹಳ ಕಾಲ ಮಾತು ಸರಿಯಾಗಿ ತಲುಪದಿದ್ದರೆ ಮಿದುಳಿಗೂ ಅದನ್ನು ಬಿಡಿಸಿಕೊಳ್ಳುವ ಅಭ್ಯಾಸ ತಪ್ಪುತ್ತದಂತೆ. ಆಮೇಲೆ ಯಂತ್ರ ಹಾಕಿದರೂ ಸದ್ದು ಬರುತ್ತದೆ, ಮಾತಾಗಲು ಒದ್ದಾಡುತ್ತದೆ. ಯಂತ್ರ ಹೊಸ ಕೋಶ ಹುಟ್ಟಿಸುವುದಿಲ್ಲ, ಉಳಿದಿರುವ ಕೋಶಗಳಿಗೆ ದೊಡ್ಡದಾಗಿ ಹೇಳುತ್ತದೆ, ಅಷ್ಟೇ. ನಿನಗೆ ಇನ್ನೂ ಉಳಿದಿವೆ. ಅವಿರುವಾಗಲೇ ಬಳಸಿಕೊಳ್ಳಬೇಕು.

ಕೇಳಿಸದಿದ್ದರೆ ಏನಾಗುತ್ತದೆ ಎನ್ನುವುದನ್ನು ಇಲ್ಲೇ ನೋಡಿದ್ದೇವೆ. ನಾಲ್ಕು ತಿಂಗಳ ಹಿಂದಿನ ಮಾತು. ತೊಟ್ಟಿ ತೊಳೆಯುವ ದಿನ, ದೊಡ್ಡ ಮೀನುಗಳನ್ನೆಲ್ಲ ಒಂದು ಟಬ್ಬಿನಲ್ಲಿ ಒತ್ತೊತ್ತಾಗಿ ಬಿಟ್ಟು ಗಾಳಿ ಪಂಪು ಹಾಕಿದ್ದರು. ಪಂಪು ನಿಂತಿತು. ನಿಂತರೆ ಗೋಡೆಯ ಮೇಲಿನ ಪೆಟ್ಟಿಗೆ ಟೀ ಟೀ ಎಂದು ಕೂಗುತ್ತದೆ. ಕೂಗಿತು. ನಮ್ಮಲ್ಲಿ ಕೆಲಸ ಮಾಡುವವಳೊಬ್ಬಳು ಮೂರು ಮಾರು ದೂರದಲ್ಲಿ ಅದಕ್ಕೆ ಬೆನ್ನು ಹಾಕಿ ನಿಂತು ತೊಟ್ಟಿ ತಿಕ್ಕುತ್ತಲೇ ಇದ್ದಳು. ಒಂದು ಗಂಟೆಯ ಮೇಲೆ ಪಂಪಿನ ಮೆಕ್ಯಾನಿಕ್ಕು ಕಾರಿಡಾರಿನಿಂದ ಸದ್ದು ಕೇಳಿ ಓಡಿ ಬಂದ. ಹನ್ನೊಂದು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಮೇಡಂ ಎರಡು ವರ್ಷದಿಂದ ಸಾಕಿದ್ದ ಮೀನುಗಳು. ಅವರು ಒಂದು ಮಾತೂ ಬೈಯಲಿಲ್ಲ. ಅವಳನ್ನು ನೋಡಿ, ‘ಕಿವಿ ತೋರಿಸ್ಕೊಂಡು ಬನ್ನಿ’ ಎಂದರು, ಅಷ್ಟೇ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಆದ್ದರಿಂದ ಅಣ್ಣಾ, ನಿನಗೆ ಕೈಮುಗಿಯುತ್ತೇನೆ. ನಿನ್ನ ಸರದಿ ಇನ್ನೂ ಹೋಗಿಲ್ಲ. ಆ ಪರೀಕ್ಷೆಯ ಅಮ್ಮ ತಾಯಿಯಂಥವರು, ನಿನ್ನ ಹೆಸರು ಹೊಡೆಯದೆ ಈ ತಿಂಗಳ ಕೊನೆಯ ತನಕ ಇಟ್ಟುಕೊಳ್ಳುತ್ತೇನೆ ಎಂದು ಅತ್ತಿಗೆಗೆ ಹೇಳಿದ್ದಾರಂತೆ. ಹೋಗು. ಈ ಸಲ ಗಾಜಿನ ಕಡೆ ಬೆನ್ನು ಹಾಕಿ ಕೂತುಕೋ. ಕಿವಿಯಲ್ಲಿ ಅದನ್ನು ಸಿಕ್ಕಿಸಿಕೊಂಡರೆ ಗಿರಾಕಿಗಳು ನಗುತ್ತಾರೆ ಎಂಬ ಹೆದರಿಕೆಯಿದ್ದರೆ, ‘ತಂಗಿ ಕಳಿಸಿದ್ದು’ ಎಂದು ಹೇಳು. ನನ್ನ ಮೇಲಿನ ನಂಬಿಕೆಯಿಂದ ನೀನು ಬೇಡವೆಂದೆ. ಬೇರೆ ಯಾರು ಬರೆದಿದ್ದರೂ ನೀನು ನಂಬುತ್ತಿರಲಿಲ್ಲ ಎಂದು ನನಗೆ ಗೊತ್ತು. ಅದೇ ನಂಬಿಕೆಯಿಂದ ಈಗ ಹೋಗು ಎಂದು ಕೇಳುತ್ತಿದ್ದೇನೆ. ಬಾಗಿಲ ತಗಡನ್ನು ಮಾತ್ರ ಇವತ್ತೇ ಒರೆಸು. ಒದ್ದೆ ಬಟ್ಟೆಯಲ್ಲಿ ಒರೆಸು, ನಿನ್ನ ತೋಳಿನಲ್ಲಿ ಬೇಡ, ಒಗೆಯುವವರು ಅತ್ತಿಗೆ.

ಅತ್ತಿಗೆಗೆ ನನ್ನ ನಮಸ್ಕಾರ. ಅಪ್ಪ ತಗಡು ಬಡಿಯುತ್ತಿದ್ದ ಮರದ ಕೊಡತಿಯನ್ನು ಗೆದ್ದಲಿನಿಂದ ಕಾಪಾಡು. ನೀವಿಬ್ಬರೂ ನೂರು ಕಾಲ ಚೆನ್ನಾಗಿರಿ, ಕಿರಿಯಳಾದರೂ ನಾನೇ ಹರಸುತ್ತೇನೆ, ಈ ವಯಸ್ಸಿನಲ್ಲಿ ಯಾರು ಹಿರಿಯರು ಯಾರು ಕಿರಿಯರು.

ಇಂತಿ ನಿನ್ನ,
ತಗಡಿನ ತುದಿ ಹಿಡಿದವಳು

ಮರೆತಿದ್ದೆ: ಮೆಕ್ಯಾನಿಕ್ಕು ಅಂಚೆ ಪೆಟ್ಟಿಗೆಯ ಕಡೆ ಹೊರಟು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಮರೆತಿದ್ದೆ ಎನ್ನುವುದೂ ಸುಳ್ಳು. ಆ ತೊಟ್ಟಿ ತಿಕ್ಕುತ್ತಿದ್ದವಳು ನಾನೇ ಅಣ್ಣಾ. ಎರಡು ತಿಂಗಳು ಮುಂದೂಡಿ ಕಿವಿ ತೋರಿಸಲು ಹೋದೆ, ಗಾಜಿನಾಚೆಯ ಕೈ ನೋಡಿ ಗುಂಡಿ ಒತ್ತಿದೆ, ನಿನ್ನ ಹಾಗೇ ಸಿಕ್ಕಿಬಿದ್ದೆ. ಎರಡೂ ಕಿವಿಗೆ ಯಂತ್ರ ಬೇಕು ಎಂದರು. ಬೇಡ ಎಂದು ಬಂದೆ. ಅದೇ ತಿಂಗಳಲ್ಲಿ ಮೀನಿನ ಮರಿಗಳು ತಿರುಗಿ ನಿಂತದ್ದನ್ನು ನೋಡಿ ನಿನಗೆ ಆ ಕಾಗದ ಬರೆದೆ. ಮೇಡಂ ಹೇಳಿದ ಸಾಲನ್ನು ಯಾಕೆ ಬಿಟ್ಟೆನೆಂದರೆ, ಬರೆದರೆ ನಾನೇ ಅದನ್ನು ಓದಬೇಕಾಗಿತ್ತು. ನಿನ್ನ ಹೆಸರಿನಲ್ಲಿ ನಾನು ಕಾಯುತ್ತಿದ್ದೆ. ನಾನು ಫೋನು ಮಾಡುವುದನ್ನು ಬಿಟ್ಟದ್ದೂ ನಿನಗೆ ಕೇಳಿಸುವುದಿಲ್ಲ ಎಂದಲ್ಲ, ಅತ್ತಿಗೆ ಹೇಳುವುದು ನನಗೆ ಕೇಳಿಸುತ್ತಿರಲಿಲ್ಲ. ಅತ್ತಿಗೆಯ ಕಾಗದದಲ್ಲಿ ನೀನು ಸರದಿ ಬಿಟ್ಟದ್ದನ್ನು ಓದಿ ಮೊನ್ನೆ ಸೋಮವಾರ ಹೋಗಿ ಹಾಕಿಸಿಕೊಂಡು ಬಂದೆ. ತುರಿಸುತ್ತದೆ, ನನ್ನ ದನಿಯೇ ನನಗೆ ಡಬ್ಬಿಯೊಳಗಿಂದ ಬಂದಂತೆ ಕೇಳುತ್ತದೆ, ಬಸ್ಸಿನ ಸದ್ದಿಗೆ ತಲೆ ಸಿಡಿಯುತ್ತದೆ. ಇವತ್ತು ಬೆಳಿಗ್ಗೆ ಮೆಕ್ಯಾನಿಕ್ಕು ಆ ಗೋಡೆಯ ಪೆಟ್ಟಿಗೆಯನ್ನು ಪರೀಕ್ಷೆಗೆ ಒತ್ತಿದ. ಬೆನ್ನು ಹಾಕಿ ನಿಂತಿದ್ದೆ. ಟೀ ಟೀ ಎಂದಿತು. ಎಂಥ ಹಾಳು ದನಿ ಅದು! ತಿರುಗಿ ನಿಂತೆ.

ನೀನು ಹಾಕಿಸಿಕೊಂಡು ಬಂದ ಮೇಲಿನ ಮೊದಲ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಫೋನು ಮಾಡುತ್ತೇನೆ. ನೀನೇ ಎತ್ತಬೇಕು, ಅತ್ತಿಗೆಗೆ ಕೊಡಬಾರದು. ಮೊದಲು ‘ಏನು?’ ಅಂದವರು ಸೋತಂತೆ.